ಕಥೇನ ಕಥೆಯಾಗಿ ನೋಡಿ ಅನ್ನುವವರ ಜೊತೆ ಒಂದು ಜಗಳ

ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರದ ಮಗ್ಗುಲಲ್ಲಿ ಆರ್‌ಪಿಸಿ ಲೇಔಟ್ ಇದೆ. ಹಂಪಿನಗರ ಅಂತಲೂ ಕರೀತಾರೆ. ಅಲ್ಲೊಂದು ನಗರ ಕೇಂದ್ರ ಗ್ರಂಥಾಲಯ. ಬೆಳಿಗ್ಗೆಯಿಂದ ಕತ್ತಲಾಗುವ ತನಕ ಅದರ ಮೇಜುಗಳ ಮುಂದೆ ಕೂತಿರುವ ಹುಡುಗ ಹುಡುಗಿಯರಲ್ಲಿ ಬಹಳ ಜನ ಈ ಊರಿನವರಲ್ಲ. ಹಾವೇರಿ, ಕೊಪ್ಪಳ, ರಾಯಚೂರು, ಚಾಮರಾಜನಗರದ ಕಡೆಯಿಂದ ಬಂದು, ವಿಜಯನಗರ ಅತ್ತಿಗುಪ್ಪೆ ಸುತ್ತಿನ ಪಿಜಿಗಳಲ್ಲಿ ಒಂದು ರೂಮಿಗೆ ಮೂರು ನಾಲ್ಕು ಜನ ಸೇರಿಕೊಂಡು, ಕೆಎಎಸ್‌ಗೋ ಪಿಎಸ್‌ಐಗೋ ಎಫ್‌ಡಿಎಗೋ ಓದುತ್ತಿರುವವರು. ಸಂಜೆಯಾದರೆ ಟೀ ಅಂಗಡಿ ಮುಂದೆ ನಿಲ್ಲುತ್ತಾರೆ. ನಾವು ನಾಲ್ಕು ಜನವೂ ಅದೇ ಅಂಗಡಿಯ ಗಿರಾಕಿಗಳು. ನಮ್ಮಲ್ಲಿ ಇಬ್ಬರು ರಿಟೈರಾದ ಮೇಷ್ಟ್ರುಗಳು, ಒಬ್ಬರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು, ಇನ್ನೊಬ್ಬರು ಹಳೇ ಸಂಘಟನೆಯ ಕಾರ್ಯಕರ್ತರು. ಅರ್ಧ ಟೀ ಕುಡಿದು ಎರಡು ಗಂಟೆ ಮಾತಾಡುವುದು ನಮ್ಮ ಹಳೇ ಚಾಳಿ.

ಒಂದು ಸಂಜೆ ಆ ಹುಡುಗರ ನಡುವೆ ದೊಡ್ಡ ಜಗಳ ಎದ್ದಿತ್ತು. ಮೀಸಲಾತಿಯ ಬಗ್ಗೆಯೋ ಪರೀಕ್ಷೆ ಮುಂದೂಡಿದ್ದರ ಬಗ್ಗೆಯೋ ಇರಬೇಕು ಅಂತ ನಾವು ಕಿವಿಗೊಟ್ಟೆವು. ಅಲ್ಲ. ಹ್ಯಾರಿ ಪಾಟರ್ ಅನ್ನುವ ಮಾಯಾಮಂತ್ರದ ಕಥೆಯ ಬಗ್ಗೆ. ಹಾವೇರಿ ಕಡೆಯ ಹುಡುಗನೊಬ್ಬನಿಗೆ ಆ ಏಳೂ ಪುಸ್ತಕ ಬಾಯಿಪಾಠ. ಆ ಮಂತ್ರದ ಶಾಲೆಯಲ್ಲಿ ಒಟ್ಟು ಮಕ್ಕಳೆಷ್ಟು, ಲೆಕ್ಕ ಹಾಕಿದರೆ ಒಂದೊಂದು ಕ್ಲಾಸಿನಲ್ಲಿ ಕಾಣಿಸುವ ಮಕ್ಕಳಿಗೂ ಅದಕ್ಕೂ ಯಾಕೆ ತಾಳೆಯಾಗುವುದಿಲ್ಲ, ಯಾವ ಕೋಲು ಯಾವ ಮರದ್ದು, ಎಲ್ಲ ಹೇಳುತ್ತಿದ್ದ. ಉಳಿದವರು ಒಪ್ಪದೆ ವಾದ ಮಾಡುತ್ತಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಆಗ ಚಾಮರಾಜನಗರದ ಕಡೆಯ ಹುಡುಗಿಯೊಬ್ಬಳು, ಸಿನಿಮಾ ಮಾತ್ರ ನೋಡಿದವಳು, ನಡುವೆ ಬಾಯಿ ಹಾಕಿದಳು: "ಅಲ್ಲ ಕಣಣ್ಣ, ಆ ದೊಡ್ಡ ಹಾಲ್‌ನಲ್ಲಿ ತಟ್ಟೇಲಿ ಅಷ್ಟೊಂದು ಊಟ ಬಂದ್ಬುಡ್ತದಲ್ಲ, ಆ ಅಡ್ಗೆ ಮಾಡೋರ್ಯಾರು?"

ಹುಡುಗ ನಕ್ಕ. "ಅಷ್ಟೆಲ್ಲಾ ಆಳಕ್ಕ ಹೋಗಬಾರ್ದು. ಕಥಿ ಅದು, ಕಥಿ. ಸುಮ್ನ ಎಂಜಾಯ್ ಮಾಡ್ಬೇಕು. ಅದೂ ಅಲ್ದ ನೀ ಪುಸ್ತಕ ಓದಿಲ್ಲ."

ಹುಡುಗಿ ಸುಮ್ಮನಾದಳು. ಅವಳ ತಾಯಿ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಸಹಾಯಕಿ ಅಂತ ನಮಗೆ ಗೊತ್ತಿತ್ತು. ನಾವೂ ಸುಮ್ಮನಿದ್ದೆವು. ಈ ಬರಹ ಆ ಸುಮ್ಮನಿದ್ದದ್ದರ ಬಗ್ಗೆ.

ಹಳ್ಳಿ ಕಡೆಯ ಮೇಷ್ಟ್ರು ಮಿತ್ರರಿಗಾಗಿ ನಾಲ್ಕು ಮಾತು. ಹ್ಯಾರಿ ಪಾಟರ್ ಇಂಗ್ಲೆಂಡಿನ ಲೇಖಕಿ ಜೆ. ಕೆ. ರೌಲಿಂಗ್ ಬರೆದ ಕಥಾಮಾಲೆ. 1997ರಿಂದ 2007ರವರೆಗೆ ಏಳು ಪುಸ್ತಕ, 2001ರಿಂದ 2011ರವರೆಗೆ ಎಂಟು ಸಿನಿಮಾ. ಮಂತ್ರ ಕಲಿಯುವ ವಸತಿ ಶಾಲೆಗೆ ಸೇರಿದ ಅನಾಥ ಹುಡುಗನ ಕಥೆ. ಇದಕ್ಕೆ ಲೋಕದ ತುಂಬ ಅಭಿಮಾನಿಗಳು. ನಮ್ಮಲ್ಲಿ ರಾಜಕುಮಾರ್ ಸಿನಿಮಾದ ಡೈಲಾಗುಗಳನ್ನು ಜನ ಬಾಯಿಪಾಠ ಒಪ್ಪಿಸುತ್ತಿದ್ದ ಹಾಗೆ ಇವರು ಪುಟಪುಟ ಒಪ್ಪಿಸುತ್ತಾರೆ. ತಪ್ಪು ಹುಡುಕುವುದರಲ್ಲೂ ಗಟ್ಟಿಗರು. 2000ದಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ, ಕೊಲೆಗಾರನ ಮಂತ್ರದ ಕೋಲಿನಿಂದ ಸತ್ತವರ ನೆರಳುಗಳು ಒಂದೊಂದಾಗಿ ಹೊರಗೆ ಬರುವ ಪ್ರಸಂಗವಿದೆ. ಕೊನೆಗೆ ಸತ್ತವರು ಮೊದಲು ಬರಬೇಕು. ತಂದೆಯ ನಂತರ ತಾಯಿ ಸತ್ತಿದ್ದಾಳೆ, ಹಾಗಾಗಿ ತಾಯಿಯ ನೆರಳು ಮೊದಲು ಬರಬೇಕು. ಮೊದಲ ಮುದ್ರಣಗಳಲ್ಲಿ ತಂದೆ ಮೊದಲು ಬಂದುಬಿಟ್ಟಿದ್ದ. ಓದುಗರು ಇದನ್ನು ಹಿಡಿದರು. ಮುಂದಿನ ಮುದ್ರಣಗಳಲ್ಲಿ ತಿದ್ದಿದರು.

ಇದು ಅಭಿಮಾನದ ಓದು. ಯಾರೂ ಇದಕ್ಕೆ 'ಅತಿಯಾಯ್ತು' ಅನ್ನಲಿಲ್ಲ. ಪ್ರೀತಿ ಇದ್ದವನೇ ಇಷ್ಟು ಸೂಕ್ಷ್ಮವಾಗಿ ನೋಡುತ್ತಾನೆ ಅಂತ ಮೆಚ್ಚಿಕೊಂಡರು.

ಈಗ ಅದೇ ನಾಲ್ಕನೇ ಪುಸ್ತಕದ ಇನ್ನೊಂದು ವಿವರ ನೋಡಿ. ಆ ಶಾಲೆಯಲ್ಲಿ ಅಡುಗೆ ಮಾಡುವವರು, ಕಸ ಗುಡಿಸುವವರು, ಬೆಂಕಿ ಹೊತ್ತಿಸುವವರು ಹೌಸ್ ಎಲ್ಫ್ ಅನ್ನುವ ಗಿಡ್ಡ ಜೀವಿಗಳು. ನೂರಕ್ಕೂ ಮೇಲೆ ಇದ್ದಾರೆ. ಸಂಬಳವಿಲ್ಲ. ತೊಡುವುದಕ್ಕೆ ಬಟ್ಟೆಯಿಲ್ಲ, ದಿಂಬಿನ ಚೀಲವನ್ನೋ ಟವೆಲನ್ನೋ ಸುತ್ತಿಕೊಂಡಿರುತ್ತಾರೆ. ಯಜಮಾನ ಬಟ್ಟೆ ಕೊಟ್ಟರೆ ಅವತ್ತಿಗೆ ಬಿಡುಗಡೆ, ಆದ್ದರಿಂದ ಕೊಡುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸಬೇಕು, ಅದೇ ಒಳ್ಳೆಯ ಎಲ್ಫಿನ ಲಕ್ಷಣ. ಗೆಳೆಯರೆ, ಇದಕ್ಕೆ ನಮ್ಮ ಕಡೆ ಜೀತ ಅಂತಾರೆ. 1976ರಲ್ಲಿ ಕಾನೂನು ಮಾಡಿ ನಿಲ್ಲಿಸಿದೆವು ಅಂತ ಹೇಳಿಕೊಳ್ಳುವ ಜೀತ. ಕಥೆಯಲ್ಲಿ ಬಿಡುಗಡೆಯಾದ ಒಬ್ಬ ಎಲ್ಫ್ ಸಂಬಳ ಕೇಳುತ್ತಾನೆ. ಶಾಲೆಯ ಮುಖ್ಯಸ್ಥ ವಾರಕ್ಕೆ ಹತ್ತು ನಾಣ್ಯ, ಶನಿವಾರ ಭಾನುವಾರ ರಜೆ ಕೊಡುತ್ತೇನೆ ಅಂದರೆ ಈ ಎಲ್ಫೇ ಚೌಕಾಶಿ ಮಾಡಿ ವಾರಕ್ಕೆ ಒಂದು ನಾಣ್ಯ, ತಿಂಗಳಿಗೆ ಒಂದು ದಿನ ರಜೆಗೆ ಇಳಿಸಿಕೊಳ್ಳುತ್ತಾನೆ. ಓದುವವರು ಅಲ್ಲಿ ನಗಬೇಕು ಅಂತ ಬರೆದದ್ದು. ಗೌಡನ ಮನೆಯ ಜಗಲಿ ಕೆಳಗೆ ನಿಂತು, ಕೊಟ್ಟದ್ದನ್ನೂ 'ಇಷ್ಟೊಂದು ಯಾಕೆ ಬುದ್ಧಿ' ಅಂದ ನಮ್ಮ ತಾತಂದಿರನ್ನು ಬಲ್ಲ ನಮಗೆ ನಗು ಬರಲಿಲ್ಲ.

ನಿಜವಾದ ಮಾತು ಇನ್ನೂ ಮುಂದಿದೆ. ಟೀ ಅಂಗಡಿಯ ಹುಡುಗಿ ಕೇಳಿದ ಪ್ರಶ್ನೆಯನ್ನು ಆ ಪುಸ್ತಕದೊಳಗೇ ಒಬ್ಬ ಹುಡುಗಿ ಕೇಳುತ್ತಾಳೆ. ಹರ್ಮಾಯಿನಿ ಅಂತ ಅವಳ ಹೆಸರು. ತಂದೆತಾಯಿ ಮಂತ್ರ ಬಲ್ಲವರಲ್ಲ, ಆದ್ದರಿಂದ 'ಕೊಳಕು ರಕ್ತದವಳು' ಅಂತ ಬೈಸಿಕೊಂಡವಳು. ಶಾಲೆಯ ಹಬ್ಬದೂಟದ ನಡುವೆ, ಈ ಅಡುಗೆ ಜೀತದವರದು ಅಂತ ಗೊತ್ತಾಗಿ ತಟ್ಟೆ ಪಕ್ಕಕ್ಕೆ ತಳ್ಳುತ್ತಾಳೆ. ಎಲ್ಫ್‌ಗಳಿಗಾಗಿ ಒಂದು ಸಂಘ ಕಟ್ಟುತ್ತಾಳೆ, ಬ್ಯಾಡ್ಜು ಮಾಡಿ ಮಾರುತ್ತಾಳೆ. ಸಹಪಾಠಿಗಳು ನಗುತ್ತಾರೆ. ಸಿನಿಮಾ ಮಾಡಿದವರು ಈ ಸಂಘದ ಪ್ರಸಂಗವನ್ನೇ ಕಿತ್ತುಹಾಕಿದರು. ಹಾಗಾಗಿ ಸಿನಿಮಾ ನೋಡಿದ ನಮ್ಮ ಹುಡುಗಿಗೆ ತನ್ನ ಪ್ರಶ್ನೆ ಪುಸ್ತಕದಲ್ಲಿದೆ ಅಂತ ಗೊತ್ತಿರಲಿಲ್ಲ. ಏಳೂ ಪುಸ್ತಕ ಬಾಯಿಪಾಠ ಮಾಡಿದ ಹುಡುಗನಿಗೆ ಗೊತ್ತಿತ್ತು! ಕೋಲು ಯಾವ ಮರದ್ದು ಅಂತ ನೆನಪಿಟ್ಟವನು ಇದನ್ನು ನೆನಪಿಡಲಿಲ್ಲ. ಅಥವಾ ನೆನಪಿದ್ದರೂ ವಿವರ ಅಂತ ಎಣಿಸಲಿಲ್ಲ.

ಅವನನ್ನು ಬೈಯುವುದು ಸುಲಭ. ನಾವು ಬೈಯುವುದಿಲ್ಲ. ಅವನೂ ಗಾರೆ ಕೆಲಸದವರ ಮನೆಯ ಹುಡುಗನೇ. ಆರ್‌ಪಿಸಿ ಲೇಔಟಿನ ಸುತ್ತ ಓದು ಅಂದರೆ ಏನು ಅಂತ ನೋಡಬೇಕು. ವಚನಗಳನ್ನು ಓದಿದರೂ ಅಂಕಿತನಾಮ ಯಾವುದು ಅನ್ನುವುದಕ್ಕೆ. ಕುವೆಂಪು ಓದಿದರೂ ಯಾವ ಇಸವಿಯಲ್ಲಿ ಯಾವ ಪ್ರಶಸ್ತಿ ಅನ್ನುವುದಕ್ಕೆ. ನಾಲ್ಕು ಉತ್ತರದಲ್ಲಿ ಒಂದು ಸರಿ. ವರ್ಷಗಟ್ಟಲೆ ಹೀಗೆ ಓದಿದ ಕಣ್ಣು ಸುಖಕ್ಕೆ ಅಂತ ಕೈಗೆತ್ತಿಕೊಂಡ ಕಥೆಯನ್ನೂ ಪ್ರಶ್ನೆಪತ್ರಿಕೆ ಮಾಡಿಕೊಳ್ಳುತ್ತದೆ. ಕೋಚಿಂಗ್ ಓದು ಅನ್ನೋಣ. ಇದರಲ್ಲಿ ಇನ್ನೊಂದು ರೋಗವೂ ಸೇರಿಕೊಳ್ಳುತ್ತದೆ. ಹೆಚ್ಚು ವಿವರ ಬಲ್ಲವನು ಮೇಲು, ಬರೀ ಸಿನಿಮಾ ನೋಡಿದವಳು ಕೀಳು. ಮೂಲ ಓದದವರಿಗೆ ಬಾಯಿ ತೆಗೆಯುವ ಅಧಿಕಾರವಿಲ್ಲ. ಈ 'ಅಧಿಕಾರವಿಲ್ಲ' ಅನ್ನುವ ಮಾತು ನಮಗೆ ಹೊಸದೇನೂ ಅಲ್ಲ, ಎಷ್ಟೋ ಶತಮಾನ ಕಿವಿಗೆ ಬಿದ್ದದ್ದೇ. ಆದರೆ ನಮ್ಮದೇ ಹುಡುಗ ನಮ್ಮದೇ ಹುಡುಗಿಗೆ ಒಂದು ಮಾಯಾಲೋಕದ ಕಥೆಯ ಬಾಗಿಲಲ್ಲಿ ನಿಂತು ಅದನ್ನು ಹೇಳುತ್ತಾನೆ ಅಂದುಕೊಂಡಿರಲಿಲ್ಲ.

ಇನ್ನು ನಮ್ಮ ಮೌನ. ಅವತ್ತು ನಾವು ಬಾಯಿ ಬಿಡದೆ ಇದ್ದದ್ದಕ್ಕೆ ಒಳ್ಳೆಯ ಕಾರಣ ಯಾವುದೂ ಇರಲಿಲ್ಲ. ಇದೆಲ್ಲ ಬಿಳಿಯರ ಮಕ್ಕಳ ಕಥೆ, ಇದರಲ್ಲಿ ನಮ್ಮದೇನು ಅನ್ನುವ ತಾತ್ಸಾರ ಇತ್ತು. ಚಳವಳಿಯಲ್ಲಿ ಬೆಳೆದ ನಮ್ಮಲ್ಲಿ ಬಹಳ ಜನರಿಗೆ ಈ ತಾತ್ಸಾರ ಇದೆ. ರಾಜಕುಮಾರಿ, ರಾಕ್ಷಸ, ಹಾರುವ ಕುದುರೆ ಅಂದಕೂಡಲೇ 'ಪಲಾಯನವಾದ' ಅಂತ ಮುದ್ರೆ ಒತ್ತುತ್ತಿದ್ದೆವು. ಹಸಿದವನಿಗೆ ಕಥೆ ಯಾಕೆ, ಅನ್ನದ ಮಾತಾಡು ಅಂತ ಭಾಷಣ ಮಾಡುತ್ತಿದ್ದೆವು. ಹಸಿದವನೇ ಹೆಚ್ಚು ಕಥೆ ಕೇಳುತ್ತಾನೆ ಅನ್ನುವುದು ನಮ್ಮ ಅವ್ವಂದಿರಿಗೆ ಗೊತ್ತಿತ್ತು. ಒಲೆ ಹೊತ್ತದ ರಾತ್ರಿಗಳಲ್ಲೇ ಕಥೆ ಉದ್ದವಾಗುತ್ತಿತ್ತು.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಬಹಳ ವರ್ಷಗಳ ಹಿಂದೆ ನಮ್ಮಲ್ಲೊಬ್ಬರು ಮೇಷ್ಟ್ರಾಗಿದ್ದ ಹಳ್ಳಿಯ ಇಸ್ಕೂಲಿನಲ್ಲಿ ಶನಿವಾರ ಮಕ್ಕಳು ಕಥೆ ಹೇಳುವ ಪದ್ಧತಿ ಇತ್ತು. ಕೇರಿಯ ಒಂದು ಪುಟ್ಟ ಹುಡುಗಿ, ಎಂದೂ ಎದ್ದು ನಿಲ್ಲದವಳು, ಅವತ್ತು ಎದ್ದು ಏಳು ಸಮುದ್ರದಾಚೆಯ ರಾಜನ ಕಥೆ ಶುರು ಮಾಡಿದಳು. ರಾಜನ ಹತ್ತಿರ ನೂರು ಬಂಡಿ ಭತ್ತ ಇತ್ತು ಅಂದಳು. ಮೇಷ್ಟ್ರು ತಡೆದರು. "ಆ ಭತ್ತ ಬೆಳೆದೋರು ಯಾರಮ್ಮ? ರಾಜ ಉತ್ತನಾ?" ಹುಡುಗಿ ಬೆಪ್ಪಾಗಿ ನಿಂತಳು. ಕೂತುಬಿಟ್ಟಳು. ಆಮೇಲೆ ಆ ವರ್ಷವೆಲ್ಲ ಅವಳು ಕಥೆ ಹೇಳಲಿಲ್ಲ. ಪ್ರಶ್ನೆ ಸರಿಯಾಗೇ ಇತ್ತು. ಇವತ್ತಿಗೂ ಸರಿ. ಆದರೆ ಆ ಪ್ರಶ್ನೆ ಅವಳದಾಗಿರಲಿಲ್ಲ, ಮೇಷ್ಟ್ರದಾಗಿತ್ತು. ಏಳು ಸಮುದ್ರ ದಾಟುತ್ತಿದ್ದ ಮಗುವನ್ನು ಮೂರನೇ ಸಮುದ್ರದಲ್ಲಿ ಹಡಗಿನಿಂದ ಇಳಿಸಿಬಿಟ್ಟರು. ಹರ್ಮಾಯಿನಿಯೂ ಇಂಥದೇ ಮಾಡುತ್ತಾಳೆ. 2003ರ ಐದನೇ ಪುಸ್ತಕದಲ್ಲಿ, ಎಲ್ಫ್‌ಗಳನ್ನು ಒಂದು ಮಾತೂ ಕೇಳದೆ, ತಾನು ಹೆಣೆದ ಟೋಪಿಗಳನ್ನು ಕಸದ ಕೆಳಗೆ ಅಡಗಿಸಿಡುತ್ತಾಳೆ. ಗುಡಿಸುವಾಗ ಕೈಗೆ ಬಟ್ಟೆ ಸಿಕ್ಕಿ ತಮಗೆ ಗೊತ್ತಿಲ್ಲದೆ ಬಿಡುಗಡೆಯಾಗಲಿ ಅಂತ. ಅವರಿಗೆ ಅವಮಾನವಾಗಿ ಆ ಕೋಣೆಗೆ ಬರುವುದನ್ನೇ ಬಿಡುತ್ತಾರೆ. ಆ ಪುಟ ಓದಿದಾಗ ನಮ್ಮ ಮೇಷ್ಟ್ರಿಗೆ ಆ ಶನಿವಾರ ನೆನಪಾಯಿತಂತೆ.

ಹಾಗಾದರೆ ಯಾವ ಪ್ರಶ್ನೆ ಕಥೆಯನ್ನು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ? ಇದನ್ನು ನಾವು ನಮ್ಮ ಕಾಲದ ಮಾಯಾಕಥೆಗಳಿಂದಲೇ ಯೋಚಿಸಬೇಕು. ನಮ್ಮ ಕಾಲಕ್ಕೆ ಇದ್ದದ್ದು ಚಂದಮಾಮ. ಕನ್ನಡದಲ್ಲಿ ಅದು 1949ರಲ್ಲಿ ಶುರುವಾಯಿತು. ಈಗ ನಿಂತುಹೋಗಿದೆ. ಕೇರಿಗೆ ಅದು ಹೊಸದಾಗಿ ಬರುತ್ತಿರಲಿಲ್ಲ. ಮೇಲಿನ ಬೀದಿಯ ಮನೆಗಳಲ್ಲಿ ಓದಿ ಬಿಸಾಕಿದ್ದು, ಅಂಗಡಿಯಲ್ಲಿ ಬೆಲ್ಲ ಕಟ್ಟಲು ಬಂದದ್ದು, ರಟ್ಟು ಹರಿದು, ಕಥೆಯ ಕೊನೇ ಪುಟ ಇಲ್ಲದೆ ಬರುತ್ತಿತ್ತು. ಆದರೂ ಬೇತಾಳನ ಕಥೆ ಅಂದರೆ ಪ್ರಾಣ. ಶಂಕರ್ ಬರೆದ ಚಿತ್ರ ನಿಮಗೂ ನೆನಪಿರಬೇಕು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆಯುವ ರಾಜ. ಆ ಚಿತ್ರಕಾರರು 2020ರಲ್ಲಿ ತೀರಿಕೊಂಡಾಗ ನಾವು ನಾಲ್ಕು ಜನವೂ ಆ ಹರಿದ ಪುಟಗಳ ಮಾತೇ ಆಡಿದೆವು.

ಬೇತಾಳನ ಕಥೆಗೆ ಒಂದು ಗುಣವಿದೆ. ಅಲ್ಲಿ ಪ್ರಶ್ನೆ ಹೊರಗಿನಿಂದ ಬರುವುದಿಲ್ಲ. ಹೆಣದೊಳಗಿನ ಬೇತಾಳ ಕಥೆ ಹೇಳಿ, ಕೊನೆಗೆ ತಾನೇ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆದುಹೋಗುತ್ತದೆ. ಹೇಳಿದರೆ ಮೌನ ಮುರಿದಂತಾಗಿ ಹೆಣ ಮರಕ್ಕೆ ಹಾರಿಹೋಗುತ್ತದೆ. ಮತ್ತೆ ಹೊಸ ಕಥೆ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಈ ಕಥೆಗಳು ಇಪ್ಪತ್ತೈದು. ಚಂದಮಾಮದವರು ಅದು ಮುಗಿದ ಮೇಲೂ ಹೊಸದಾಗಿ ಹೊಸೆದು ಹೊಸೆದು ಹಾಕುತ್ತಲೇ ಹೋದರು. ನಮಗೆ ಅದು ಮುಗಿಯಲೇಬಾರದು.

ಅದರಲ್ಲಿ ತಲೆ ಅದಲುಬದಲಾದ ಕಥೆ ಎಲ್ಲರಿಗೂ ಗೊತ್ತು. ಗಂಡ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾನೆ, ಹೆಂಡತಿಯ ಅಣ್ಣನೂ ಕಡಿದುಕೊಳ್ಳುತ್ತಾನೆ. ದೇವಿ ವರ ಕೊಟ್ಟಾಗ ಹೆಂಡತಿ ಗಾಬರಿಯಲ್ಲಿ ಒಬ್ಬನ ತಲೆ ಇನ್ನೊಬ್ಬನ ಮುಂಡಕ್ಕೆ ಜೋಡಿಸಿಬಿಡುತ್ತಾಳೆ. ಇಬ್ಬರಲ್ಲಿ ಗಂಡ ಯಾರು? ರಾಜ ಹೇಳುತ್ತಾನೆ: ಗಂಡನ ತಲೆ ಇರುವವನು, ಯಾಕೆಂದರೆ ಅಂಗಗಳಲ್ಲೆಲ್ಲ ತಲೆಯೇ ಶ್ರೇಷ್ಠ. ಗಿರೀಶ ಕಾರ್ನಾಡರು 1971ರಲ್ಲಿ 'ಹಯವದನ' ನಾಟಕ ಮಾಡಿದ್ದು ಈ ಕಥೆಯ ಮೇಲೆಯೇ.

ಹತ್ತು ವರ್ಷದವರಾಗಿದ್ದಾಗ ನಮಗೆ ಆ ತಲೆ ಅಂಟಿಕೊಳ್ಳುವ ಮಾಯೆ ಸಾಕಾಗಿತ್ತು. ಮೈ ಜುಮ್ಮೆನ್ನುತ್ತಿತ್ತು. ಎಷ್ಟೋ ವರ್ಷದ ಮೇಲೆ, ತಲೆ ಒಂದು ಜಾತಿ, ತೋಳು ಒಂದು ಜಾತಿ, ತೊಡೆ ಒಂದು, ಪಾದ ಒಂದು ಅಂತ ಸಮಾಜವನ್ನೇ ಒಂದು ಮೈಯಾಗಿ ಕತ್ತರಿಸಿದ ಸೂಕ್ತದ ಬಗ್ಗೆ ತಿಳಿದ ಮೇಲೆ, ರಾಜನ ಉತ್ತರ ಕಿವಿಯಲ್ಲಿ ಬೇರೆ ಥರ ಕೇಳಿಸಿತು. ತಲೆಯೇ ಶ್ರೇಷ್ಠ! ಸೋಮದೇವನ ಕಥೆಯಲ್ಲಿ ಆ ಗಂಡ, ಆ ಹೆಂಡತಿ, ಅವಳ ಅಣ್ಣ ಮೂವರೂ ಅಗಸರ ಮನೆಯವರು ಅಂತ ತಿಳಿದದ್ದು ಇನ್ನೂ ತಡವಾಗಿ. ಊರಿನ ಮೈಲಿಗೆ ಒಗೆದು ಬದುಕುವ ಜನ. ಬಂಡೆಗೆ ಬಟ್ಟೆ ಒಗೆದು ಒಗೆದು ತೋಳಿನಿಂದ ಅನ್ನ ಉಂಡವರ ಜಗಳವನ್ನು, ತೋಳಿನ ಮಾತೇ ಎತ್ತದೆ, ರಾಜ ತಲೆಯಿಂದ ತೀರ್ಮಾನ ಮಾಡಿದ. ನಮ್ಮಲ್ಲೊಬ್ಬರ ಅಪ್ಪ ಹೊಳೆಯಲ್ಲಿ ಊರ ಬಟ್ಟೆ ಒಗೆದವರು. ಅವರಿಗೆ ಇದು 'ಸೂಕ್ಷ್ಮ ವಿವರ' ಅಲ್ಲ.

ಇದನ್ನೇ ನಾವು ಹೇಳಬೇಕೆಂದಿರುವುದು. ನಾವು ವಿವರ ಹುಡುಕಿಕೊಂಡು ಕಥೆಯೊಳಗೆ ಹೋದವರಲ್ಲ. ಎಲ್ಲರ ಹಾಗೆ ಮೈಮರೆಯಲು ಹೋದವರು. ಕಾವ್ಯಮೀಮಾಂಸೆಯವರು ಸಹೃದಯ ಅಂತಾರಲ್ಲ, ತಾನು ಯಾರು, ಎಲ್ಲಿ ಕೂತಿದ್ದೇನೆ ಅನ್ನುವುದನ್ನು ಮರೆತು ರಸದಲ್ಲಿ ಮುಳುಗುವವನು, ಹಾಗೆ ಮುಳುಗುವ ಆಸೆ ನಮಗೆ ಎಲ್ಲರಿಗಿಂತ ಹೆಚ್ಚೇ ಇತ್ತು. ದಿನಾ ಬೆಳಗಾದರೆ 'ನಿನ್ನ ಜಾಗ ಅಲ್ಲಿ' ಅಂತ ಹೇಳಿಸಿಕೊಳ್ಳುವವನಿಗೆ ಜಾಗ ಮರೆಯುವ ಒಂದು ಗಂಟೆ ಎಷ್ಟು ದೊಡ್ಡದು ಅಂತ ಬೇರೆಯವರಿಗೆ ಗೊತ್ತಾಗುವುದು ಕಷ್ಟ. ಹಾಗೆ ಮರೆತು ಕೂತಾಗ, ಕಥೆಯ ನಡುವೆ ಒಬ್ಬ ಆಳೋ ಅಗಸನೋ ರಾಕ್ಷಸನೋ ಎದ್ದು ನಮ್ಮ ಮುಖ ತೋರಿಸುತ್ತಾನೆ. ಪಕ್ಕದಲ್ಲಿ ಕೂತವನಿಗೆ ಆ ಮುಖ ಕಾಣುವುದಿಲ್ಲ, ಅವನ ಸುಖಕ್ಕೆ ಅಡ್ಡಿಯಿಲ್ಲ. ಅವನು ನಮ್ಮ ಕಡೆ ತಿರುಗಿ, "ಅತಿಯಾಗಿ ಯೋಚಿಸಿ ಮಜಾ ಕೆಡಿಸಬೇಡ" ಅಂತಾನೆ. ಮಜಾ ಕೆಡಿಸಿದ್ದು ನಾವಲ್ಲ. ಅಡುಗೆಯವಳ ಮಗಳು ತಟ್ಟೆಯ ಊಟ ನೋಡಿ ಅಡುಗೆ ಮಾಡಿದವರನ್ನು ನೆನೆದದ್ದು ಸಂಶೋಧನೆಯೂ ಅಲ್ಲ, ಕೊಂಕೂ ಅಲ್ಲ. ಅವಳು ಮನೆ ನೆನೆದಳು ಅಷ್ಟೆ.

ಬೇತಾಳನ ಕಥೆ ಇದರಿಂದ ನಮಗೆ ಕೆಟ್ಟಿತೇ ಅಂತ ಕೇಳಬಹುದು. ಕೆಡಲಿಲ್ಲ. ಮತ್ತೆ ಓದಿದೆವು. ಈ ಸಲ ಇನ್ನೊಂದು ಕಂಡಿತು. ರಾಜ ಸರಿಯಾಗಿ ಹೇಳಿದ ಅಂತ ಬೇತಾಳ ಹಾರಿಹೋಗುವುದಿಲ್ಲ. ರಾಜ ಬಾಯಿ ಬಿಟ್ಟದ್ದಕ್ಕೆ ಹಾರಿಹೋಗುತ್ತಾನೆ. ರಾಜ ಕೊಟ್ಟದ್ದು ರಾಜನ ಉತ್ತರ, ಅವನಿಗೆ ತಿಳಿದದ್ದು. ಆ ಹೆಣವನ್ನು ಒಬ್ಬ ಅಗಸನೋ ಮಾದಿಗನೋ ಹೊತ್ತಿದ್ದರೆ? ಹೆಣ ಹೊರುವ ಕೆಲಸ ಊರಿನಲ್ಲಿ ಯಾರದು ಅಂತ ಎಲ್ಲರಿಗೂ ಗೊತ್ತೇ ಇದೆ. ಅವನು ಏನು ಉತ್ತರ ಕೊಡುತ್ತಿದ್ದ ಅಂತ ನಾವು ರಾತ್ರಿಯೆಲ್ಲ ಕಟ್ಟಿದೆವು. ಅಂಥ ಮಜಾ ಹತ್ತು ವರ್ಷದವರಾಗಿದ್ದಾಗಲೂ ಸಿಕ್ಕಿರಲಿಲ್ಲ.

ಕಥೇನ ಮುಟ್ಟಬೇಡಿ ಅನ್ನುವ ದನಿ ಹಳೆಯದು. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ಬರೆದು, ರಾಮನ ಬಾಣ ಶಂಬೂಕನನ್ನು ಕೊಲ್ಲದೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುವಂತೆ ಮಾಡಿದಾಗ, ಮಾಸ್ತಿಯಂಥ ದೊಡ್ಡವರೇ ಆಕ್ಷೇಪ ಎತ್ತಿದರು. ಕುವೆಂಪು ಉತ್ತರ ಕೊಟ್ಟರು. 1947ರಲ್ಲಿ ಏಕಲವ್ಯನ ಹೆಬ್ಬೆರಳಿನ ಮೇಲೆ 'ಬೆರಳ್‌ಗೆ ಕೊರಳ್' ಬರೆದರು. ರಾಮಾಯಣದ ರಸ ಸವಿಯಲಾರದವರು ಇದನ್ನು ಬರೆಯಬಲ್ಲರೇ? ಅದೇ ಕುವೆಂಪು ರಾಮಾಯಣದ ಮೇಲೆ ಮಹಾಕಾವ್ಯವನ್ನೇ ಕಟ್ಟಿದವರು.

ಇಷ್ಟಾದರೂ ವಿಷಯ ಅಷ್ಟು ಸಲೀಸಾಗಿಲ್ಲ. ನಮ್ಮ ವಾದಕ್ಕೆ ಮುಳ್ಳಾಗುವ ಒಂದು ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರರ ರಾಮಾಯಣ ಶುರುವಾಯಿತು. ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿ. ಅದೇ 1987ರಲ್ಲಿ ಮಹಾರಾಷ್ಟ್ರ ಸರ್ಕಾರ ಅಂಬೇಡ್ಕರ್ ಬರಹಗಳ ನಾಲ್ಕನೇ ಸಂಪುಟ ತಂದಿತು, ಹಿಂದೂ ಧರ್ಮದ ಒಗಟುಗಳ ಬಗ್ಗೆ ಅವರು ಬರೆದಿಟ್ಟಿದ್ದದ್ದು. ರಾಮ ಕೃಷ್ಣರ ಬಗ್ಗೆ ಅವರು ಮೂಲದ ವಿವರಗಳನ್ನೇ ಹಿಡಿದು ಕೇಳಿದ ಪ್ರಶ್ನೆಗಳ ಮೇಲೆ ಮುಂಬಯಿಯಲ್ಲಿ ಗಲಭೆ ಎದ್ದಿತು. ನಾವು ಯಾವ ಕಡೆ ಇದ್ದೆವು ಅಂತ ಹೇಳಬೇಕಿಲ್ಲ. ಆದರೆ 1988ರಲ್ಲಿ ಆ ಧಾರಾವಾಹಿ ರಾಮನ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ ಅಂದಾಗ ಪಂಜಾಬಿನ ಜಲಂಧರದಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಏನು ಬೇಡಿಕೆ? ಕಥೆ ಮುಂದುವರಿಯಲಿ, ಉತ್ತರಕಾಂಡವನ್ನೂ ತೋರಿಸಲಿ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಸರ್ಕಾರ ಬಗ್ಗಿತು, ಮುಂದಿನ ಭಾಗ ತಯಾರಾಯಿತು.

ನಮ್ಮಲ್ಲಿ ಕೆಲವರು ಆಗ ತಲೆ ಚಚ್ಚಿಕೊಂಡಿದ್ದರು. ಸಂಬಳಕ್ಕಲ್ಲ, ಗ್ಲೌಸಿಗಲ್ಲ, ಟಿವಿ ಕಥೆಗೆ ಮುಷ್ಕರವೇ! ಅದೂ ಉತ್ತರಕಾಂಡಕ್ಕೆ! ಶಂಬೂಕನ ತಲೆ ಬೀಳುವುದು ಅದೇ ಕಾಂಡದಲ್ಲಿ ಅಲ್ಲವೇ? ಈಗ ಯೋಚಿಸಿದರೆ ಅಷ್ಟು ಸುಲಭವಾಗಿ ನಗಲು ಆಗುವುದಿಲ್ಲ. ಅವರು ತಮ್ಮ ಕುಲದ ಗುರು ಅಂತ ನಂಬಿದ ವಾಲ್ಮೀಕಿ ಬರೀ ಕಥೆ ಬರೆದವನಾಗಿ ಉಳಿಯದೆ ಕಥೆಯೊಳಗೆ ನಡೆದಾಡುವುದು, ಹೊರಹಾಕಿಸಿಕೊಂಡ ಸೀತೆಗೆ ಜಾಗ ಕೊಟ್ಟು ಮಕ್ಕಳಿಗೆ ಅಕ್ಷರ ಕಲಿಸುವುದು ಆ ಕಾಂಡದಲ್ಲೇ. ತಮ್ಮ ಮುಖ ಇರುವ ಪುಟ ಹರಿದುಹಾಕಬೇಡಿ ಅಂತ ಅವರು ಕೇಳಿದರು. ಅಭಿಮಾನಿಗಳೂ ಹೌದು, ಪ್ರಶ್ನೆ ಎತ್ತಿದವರೂ ಹೌದು. ಶಂಬೂಕನ ಮಾತು ಅವರಿಗೆ ನೆನಪಾಗಲಿಲ್ಲ ಅನ್ನುವ ನೋವು ನಮಗೆ ಇನ್ನೂ ಇದೆ. ಅವರ ಸುಖವನ್ನು ಅಜ್ಞಾನ ಅಂತ ಕರೆದ ನಮ್ಮ ಸೊಕ್ಕು ಮಾತ್ರ ಈಗಿಲ್ಲ.

ನಮ್ಮದೇ ಮಾಯಾಲೋಕಕ್ಕೆ ಬಂದರೆ ಈ ಜಗಳವೇ ಬೇರೆ ಥರ ಕಾಣುತ್ತದೆ. ನಮ್ಮಲ್ಲಿಬ್ಬರು ಮಳವಳ್ಳಿ ಕೊಳ್ಳೇಗಾಲದ ಕಡೆಯವರು. ಅಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಧರೆಗೆ ದೊಡ್ಡವರು ಅಂತ ಹೆಸರಾದ ಮಂಟೇಸ್ವಾಮಿ ಮೈಯೆಲ್ಲ ಕುಷ್ಠ ತುಂಬಿದವನ ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾರೆ. ಬಸವಣ್ಣನ ಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಊಟ, ಈ ಒಬ್ಬನಿಗೆ ಬಾಗಿಲಲ್ಲಿ ತಡೆ. ಪವಾಡಕ್ಕೆ ಪವಾಡ, ಮಾಯೆಗೆ ಮಾಯೆ. ಕೇಳುವ ಜನ ಬಾಯಿ ತೆರೆದು ಕೂತಿರುತ್ತಾರೆ. ಹ್ಯಾರಿ ಪಾಟರ್ ಹುಡುಗನನ್ನು ಮೀರಿಸುವ ಅಭಿಮಾನಿಗಳು ಅಲ್ಲಿದ್ದಾರೆ. ನಮ್ಮ ಒಬ್ಬ ಅಜ್ಜಿ ಇದ್ದಳು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಸಾಲು ಬಂದಾಗ ಹಾಡುವವನು ನಿದ್ದೆಗಣ್ಣಿನಲ್ಲಿ ಒಂದು ತುಂಡು ಹಾರಿಸಿದರೆ ಕತ್ತಲಲ್ಲೇ ಕೂಗುತ್ತಿದ್ದಳು. "ಎಲ್ಲ್ಯಪ್ಪಾ, ಬಾಗ್ಲಲ್ಲಿ ನಿಲ್ಸಿ ಬೈದದ್ದು ಎಲ್ಲೋಯ್ತು? ಅದ್ನ ಹಾಡ್ಬುಟ್ಟು ಮುಂದಕ್ಕೋಗು." ಹಾಡುವವನು ಹಿಂದಕ್ಕೆ ಹೋಗಿ ಹಾಡುತ್ತಿದ್ದ.

ಅಜ್ಜಿ ಕಥೆ ಸವಿಯುತ್ತಿದ್ದಳೋ ವಿವರ ಎಣಿಸುತ್ತಿದ್ದಳೋ? ಅ ಆ ಬಾರದ ಆ ಹೆಂಗಸಿಗೆ ಸಾವಿರಾರು ಸಾಲು ನೆನಪಿತ್ತು. ಅವಳು ತಡೆದು ನಿಲ್ಲಿಸುತ್ತಿದ್ದದ್ದು ಬಾಗಿಲಲ್ಲಿ ನಿಲ್ಲಿಸಿದ ಸಾಲುಗಳ ಹತ್ತಿರವೇ. ಬೇರೆ ಕಡೆ ಹಾಡುವವನು ತಪ್ಪಿದರೆ ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿರುತ್ತಿದ್ದಳು.

ಟೀ ಅಂಗಡಿಯ ಜಗಳವಾದ ವಾರದಲ್ಲೇ ನಾವು ಆ ಹಾವೇರಿ ಹುಡುಗನನ್ನು ಹಿಡಿದು ನಾಲ್ಕನೇ ಪುಸ್ತಕದ ಮಾತೆತ್ತಿದೆವು. ಹುಡುಗ ಒಳ್ಳೆಯವನು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಹೌದ್ರಿ ಸಾರ್, ಅದು ಐತಿ. ನಾ ಅಲ್ಲಿ ಹಾಳಿ ತಿರುವ್ಯಾಡಿ ಮುಂದ ಹೋಗಿದ್ದೆ. ಬೋರ್ ಅನಿಸಿತ್ತು" ಅಂದ. ಅವನೇ ತನ್ನ ಪುಸ್ತಕ ಆ ಹುಡುಗಿಗೆ ಕೊಟ್ಟ. ಆರುನೂರಕ್ಕೂ ಮೇಲಿನ ಪುಟ, ಇಂಗ್ಲಿಷು. ಪರೀಕ್ಷೆ ಹತ್ತಿರ ಇದೆ, ಓದುತ್ತಾಳೋ ಇಲ್ಲವೋ ಅಂದುಕೊಂಡಿದ್ದೆವು.

ಹದಿನೈದು ದಿನ ಬಿಟ್ಟು ಸಿಕ್ಕಳು. ಕಣ್ಣು ಕೆಂಪಗಿತ್ತು. ರಾತ್ರಿ ಎರಡರವರೆಗೆ ಓದಿದೆ ಅಂದಳು. ಬೆಂಕಿ ಉಗುಳುವ ಡ್ರ್ಯಾಗನ್ ಹತ್ತಿರದಿಂದ ಆ ಹುಡುಗ ಚಿನ್ನದ ಮೊಟ್ಟೆ ಎತ್ತಿಕೊಂಡು ಬರುವುದನ್ನು ಟೀ ಅಂಗಡಿ ಮುಂದೆ ಕೈ ಬೀಸಿ ಬೀಸಿ ಹೇಳಿದಳು. ಲೋಟ ಕೆಳಗೆ ಬಿತ್ತು. ನಮಗೆ ತಡೆಯಲಿಲ್ಲ, ಹಳೇ ಚಾಳಿ, ಆ ಅಡುಗೆ ಮಾಡುವವರ ಕಥೆ ಓದಿದೆಯಾ, ಏನನ್ನಿಸಿತು ಅಂತ ಕೇಳಿಬಿಟ್ಟೆವು.

"ಓದ್ದೆ ಸಾರ್. ಅದ್ರ ಬಗ್ಗೆ ಬೋ ಮಾತಾಡದದೆ. ಇರಿ, ಮೊದ್ಲು ಇದ್ನ ಹೇಳ್ಬುಡ್ತೀನಿ" ಅಂದು ಮತ್ತೆ ಡ್ರ್ಯಾಗನ್ನಿನ ರೆಕ್ಕೆ ಎಷ್ಟಗಲ ಅಂತ ತೋರಿಸಲು ಎರಡೂ ಕೈ ಚಾಚಿದಳು.